ಕಲ್ಲಿಕೋಟೆಯ ಓಣಿಯಲ್ಲಿ ಪಾಲಿಯೇಟಿವ್ ಗಾಡಿ

ಬಂಡೀಪುರದ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಕಾಡು ದಾಟಿ, ವಯನಾಡಿನ ಕಾಫಿ ತೋಟಗಳನ್ನು ಹಿಂದೆ ಹಾಕಿ, ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದರೆ ಕಲ್ಲಿಕೋಟೆಗೆ ಹೆಚ್ಚು ದೂರವಿಲ್ಲ. ಆ ದಾರಿಯ ಚೆಲುವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಹೊರಟಿದ್ದು ಹಲ್ವ, ಬಿರಿಯಾನಿ, ಕಡಲತೀರಕ್ಕಲ್ಲ. ಸಾಯುತ್ತಿರುವವರನ್ನು ಊರಿಗೆ ಊರೇ ನೋಡಿಕೊಳ್ಳುತ್ತದಂತೆ, ಅದನ್ನು ನೋಡಲಿಕ್ಕೆ. ಮನೆಯಲ್ಲಿ ಹೀಗೆಂದಾಗ ಯಾರೂ ಜೊತೆಗೆ ಬರುತ್ತೇನೆನ್ನಲಿಲ್ಲ, ಅದೂ ಸಹಜವೇ.

ಓಣಿಯ ತುದಿಯಲ್ಲಿ ಪಾಲಿಯೇಟಿವ್ ಘಟಕದ, ಅಂದರೆ ಗುಣವಾಗದವರ ನೋವು ತಗ್ಗಿಸಿ ಆರೈಕೆ ಮಾಡುವವರ, ಹಳೆಯ ಓಮ್ನಿಯೊಂದು ನಿಂತಿತ್ತು. ಒಳಗೆ ಸಿಸ್ಟರ್, ಡ್ರೈವರ್, ಇಬ್ಬರು ಸ್ವಯಂಸೇವಕರು, ಔಷಧಿಯ ಡಬ್ಬಿ, ಮಡಿಸಿಟ್ಟ ನೀರಿನ ಹಾಸಿಗೆ. "ಬರ್ರಿ ಸರ, ಕುಂದರ್ರಿ" ಎಂದು ಸ್ವಯಂಸೇವಕರೊಬ್ಬರು ಕನ್ನಡದಲ್ಲೇ ಸ್ವಾಗತಿಸಿದ್ದು ಕೇಳಿ ಬೆಚ್ಚಿದೆ. ದಾವಣಗೆರೆಯಲ್ಲಿ ಬೇಕರಿ ನಡೆಸಿ, ವಯಸ್ಸಾದ ಮೇಲೆ ಊರಿಗೆ ಮರಳಿದ ಮಲಯಾಳಿ ಅವರು. ಅಂದು ನನಗೆ ದುಭಾಷಿಯೂ ಅವರೇ.

ಮೊದಲ ಮನೆಯಲ್ಲಿ ಕೆನ್ನೆಯ ಕ್ಯಾನ್ಸರಿನ ಒಬ್ಬರು. ಗಡ್ಡೆ ಒಡೆದು ಹುಣ್ಣಾಗಿದೆ. ಸಿಸ್ಟರ್ ಹುಣ್ಣಿಗೆ ಅಂಟಿದ ಹಳೆಯ ಗಾಜ್ ಬಟ್ಟೆಯನ್ನು ಎಳೆಯಲಿಲ್ಲ. ಸಲೈನ್ ಹನಿಸಿ, ಅದು ನೆನೆದು ತಾನೇ ಸಡಿಲವಾಗುವವರೆಗೆ ಮಗಳ ಹತ್ತಿರ ಅಡುಗೆಯ ಮಾತಾಡುತ್ತಿದ್ದರು. ಆಮೇಲೆ ಹುಣ್ಣು ತೊಳೆದು, ನುಣ್ಣಗೆ ಪುಡಿ ಮಾಡಿದ ಮೆಟ್ರೊನಿಡಜೋಲ್ ಮಾತ್ರೆಯನ್ನು ಅದರ ಮೇಲೆ ಉದುರಿಸಿದರು. ಹೊಟ್ಟೆಕೆಟ್ಟಾಗ ನಾವೆಲ್ಲ ನುಂಗುವ ಅದೇ ಮಾತ್ರೆ! ವಾಸನೆ ಎಬ್ಬಿಸುವ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ. ಕೆಲವು ವಾರಗಳ ಹಿಂದೆ ಈ ಮನುಷ್ಯ "ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಡಿ" ಎಂದು ಕೈಮುಗಿದಿದ್ದರಂತೆ. ವಾಸನೆಗೆ ಮೊಮ್ಮಗ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಮಾರ್ಫಿನ್ ಕೊಡುವ ವೇಳೆ ಬರೆದ ಹಾಳೆಯಿದೆ. ನಾಲ್ಕು ಗಂಟೆಗೊಮ್ಮೆ ಒಂದು ಮಾತ್ರೆ, ಮಲಗುವಾಗ ಎರಡು. ಜೊತೆಗೆ ಮಲಬದ್ಧತೆಗೆ ಮರೆಯದೆ ಇನ್ನೊಂದು, ಏಕೆಂದರೆ ಮಾರ್ಫಿನ್ ಹೊಟ್ಟೆ ಕಟ್ಟಿಸುತ್ತದೆ. ಮೊಮ್ಮಗ ಮಂಚದ ಕಾಲಿಗೆ ದಾರ ಕಟ್ಟಿ ಏನೋ ಆಟ ಹೂಡಿದ್ದ.

ನೋವು ಮರಳಿ ಬರುವವರೆಗೆ ಕಾಯದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಪದ್ಧತಿಯನ್ನು ನೆಲೆಗೊಳಿಸಿದವರು ಲಂಡನ್ನಿನ ಸಿಸಿಲಿ ಸಾಂಡರ್ಸ್. ನರ್ಸ್ ಆಗಿದ್ದವರು, ಆಮೇಲೆ ಡಾಕ್ಟರಾದರು. 1967ರಲ್ಲಿ ಸಾಯುತ್ತಿರುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು, ದಯಾಮರಣವನ್ನು ಕೊನೆಯವರೆಗೂ ವಿರೋಧಿಸಿದರು. ಆ ವಿದ್ಯೆ ಕಲ್ಲಿಕೋಟೆಗೆ ಬಂದಾಗ ಕಟ್ಟಡ ಬಿಟ್ಟು ಬೀದಿಗಿಳಿಯಿತು. 1993ರಲ್ಲಿ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಒಂದು ಸಣ್ಣ ಸೊಸೈಟಿ ಕಟ್ಟಿದರು. ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರಲಾರರು, ಆಸ್ಪತ್ರೆಯೇ ಮನೆಗೆ ಹೋಗಬೇಕು ಎಂಬುದು ಬೇಗನೆ ತಿಳಿಯಿತು. ಮಲಪ್ಪುರಂ ಕಡೆಯಿಂದ ನೆರೆಹೊರೆ ಘಟಕಗಳು ಹಬ್ಬಿದವು. 2008ರಲ್ಲಿ ಕೇರಳ ಸರ್ಕಾರ ಈ ಆರೈಕೆಗೊಂದು ನೀತಿಯನ್ನೇ ರೂಪಿಸಿತು. 2010ರಲ್ಲಿ 40 ದೇಶಗಳ ಸಾವಿನ ಗುಣಮಟ್ಟವನ್ನು ಅಳೆದ ಒಂದು ವರದಿ ಭಾರತವನ್ನು ಕಟ್ಟಕಡೆಗಿಟ್ಟು, ಕೇರಳವನ್ನು ಮಾತ್ರ ಬೇರೆಯಾಗಿ ಹೊಗಳಿತ್ತು. ಅಫೀಮು ಬೆಳೆಯುವ ದೇಶದಲ್ಲೇ 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಮಾರ್ಫಿನ್ ಅಂಗಡಿಗಳಿಂದ ಮಾಯವಾಗಿತ್ತು. ಆ ಕಾಯ್ದೆ ಸಡಿಲವಾದದ್ದು 2014ರಲ್ಲಿ.

ನನ್ನನ್ನು ದಂಗುಬಡಿಸಿದ್ದು ಮಾತ್ರೆಗಿಂತ ಹೆಚ್ಚಾಗಿ ದುಡ್ಡಿನ ದಾರಿ. ಮೀನಂಗಡಿಯಲ್ಲೊಂದು ಡಬ್ಬಿ, ಚಹಾದಂಗಡಿಯಲ್ಲೊಂದು, ಆಟೋದಲ್ಲೊಂದು. ಶಾಲೆಯ ಮಕ್ಕಳ ಚಿಲ್ಲರೆಯೂ ಸೇರುತ್ತದೆ. ಆ ದುಡ್ಡಿನಲ್ಲೇ ಗಾಡಿಗೆ ಪೆಟ್ರೋಲು, ರೋಗಿಯ ಮನೆಗೆ ಅಕ್ಕಿ, ಮಕ್ಕಳ ಶಾಲೆಗೆ ಪುಸ್ತಕ. ದುಡಿಯುವವನೇ ಮಲಗಿದಾಗ ಮನೆಮಂದಿಗೆ ಭಾರವಾದೆನಲ್ಲ ಎಂಬ ಕೊರಗು ನೋವಿಗಿಂತ ಹೆಚ್ಚು ಸುಡುತ್ತದೆ, ಮಾರ್ಫಿನ್ ಅದಕ್ಕೆ ಏನೂ ಮಾಡಲಾರದು. ಅಕ್ಕಿಯ ಚೀಲ ಸ್ವಲ್ಪ ಮಾಡುತ್ತದೆ.

ಗಾಡಿಯಲ್ಲಿ ಕೂತಾಗ ಅರುಣಾ ಶಾನಭಾಗ್ ನೆನಪಾದರು. ಹೊನ್ನಾವರದ ಹಳದಿಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್ ಆಗಿದ್ದಾಗ 1973ರಲ್ಲಿ ನಡೆದ ಹಲ್ಲೆಯಿಂದ ಅರಿವು ಕಳೆದುಕೊಂಡು, 2015ರವರೆಗೆ ಅಲ್ಲೇ ಮಲಗಿದ್ದರು. ಅವರಿಗೆ ದಯಾಮರಣ ಕೋರಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೋರ್ಟು ಕಳಿಸಿದ ವೈದ್ಯರು ಪರೀಕ್ಷಿಸಿದಾಗ ಮೈಮೇಲೆ ಹಾಸಿಗೆ ಹುಣ್ಣು ಕಾಣಲಿಲ್ಲ. ಅಷ್ಟು ವರ್ಷ ಮಲಗಿದವರಿಗೆ! ಆ ತೀರ್ಪಿನ ಬಗ್ಗೆ ನಾವು ವಾದಿಸಿದ್ದೆಷ್ಟು, ಪಾಳಿಯಿಂದ ಪಾಳಿಗೆ ಅವರ ಮಗ್ಗಲು ಬದಲಿಸಿದ ಕೈಗಳ ಬಗ್ಗೆ ಮಾತಾಡಿದ್ದೆಷ್ಟು!

ಎರಡನೆಯ ಮನೆಯ ನಿವೃತ್ತ ಮೇಷ್ಟರಿಗೆ ನೋವಿರಲಿಲ್ಲ. ಆದರೂ "ಸಾಕು" ಎಂದರು. ಸಿಸ್ಟರ್ ವಾದಿಸಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಐಸಿಯುಗೆ ಹೋಗುವುದು, ಕೊಳವೆ ಹಾಕಿಸಿಕೊಳ್ಳುವುದು ಬೇಡವೆಂದು ಅವರು ಹೇಳಿದ್ದನ್ನು ಡಾಕ್ಟರ್ ಬರೆದುಕೊಂಡಿದ್ದಾರೆ, ಮಕ್ಕಳೂ ಒಪ್ಪಿದ್ದಾರೆ. ಸುಪ್ರೀಂ ಕೋರ್ಟಿನ 2018ರ ತೀರ್ಪು ಅಷ್ಟಕ್ಕೆ ಅವಕಾಶ ಕೊಡುತ್ತದೆ, 2025ರಲ್ಲಿ ನಮ್ಮ ಕರ್ನಾಟಕವೂ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವುದು ಬೇರೆ, ಸೂಜಿ ಚುಚ್ಚಿ ಕೊಲ್ಲುವುದು ಬೇರೆ. ಆರೈಕೆ ಸಿಕ್ಕಿದರೆ ಸಾವು ಬೇಡುವವರೇ ಇರುವುದಿಲ್ಲ ಎನ್ನಲು ಮೇಷ್ಟರನ್ನು ನೋಡಿದ ಮೇಲೆ ನನಗೆ ಬಾಯಿ ಬರಲಿಲ್ಲ. ಆದರೆ ಮೊದಲ ಮನೆಯಂಥ ಮನೆಗಳಿಗೆ ಗಾಜ್ ಬಟ್ಟೆ, ಮಾತ್ರೆ ತಲುಪಿಸದೆ ದಯಾಮರಣದ ಚರ್ಚೆಗೆ ಕೂರುವುದು ನನಗಂತೂ ಒಪ್ಪಿಗೆಯಿಲ್ಲ.

ಸಂಜೆ ಘಟಕದ ಕೋಣೆಯಲ್ಲಿ ಜೋರು ಜಗಳ. ಇನ್ನೊಂದು ನೀರಿನ ಹಾಸಿಗೆ ಕೊಳ್ಳಬೇಕೋ, ಒಬ್ಬಳು ಹುಡುಗಿಯ ಕಾಲೇಜು ಫೀಸು ಕಟ್ಟಬೇಕೋ ಎಂದು. ನಾನು ಬೆಪ್ಪಾಗಿ ನೋಡುತ್ತಿದ್ದೆ. ಬೇಕರಿಯವರು ಕತ್ತರಿಯನ್ನು ನನ್ನ ಕೈಗಿಟ್ಟು, "ಸುಮ್ನ ಕುಂತ್ರ ಹೆಂಗ ಸರ? ಗಾಜ್ ಬಟ್ಟಿ ಕತ್ತರಿಸ್ರಿ. ನಾಳೆ ಐದು ಮನಿ ಅದಾವು" ಎಂದರು.