ಬಟ್ಟೆ ಗಾಣ

1974ರ ಆಗಸ್ಟಿನಲ್ಲಿ ಓದಲೆಂದು ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಎಂಬ ಊರಿಗೆ ಬಂದಿಳಿದಾಗ ನನ್ನ ಪೆಟ್ಟಿಗೆಯಲ್ಲಿದ್ದದ್ದು ನಾಲ್ಕು ಅಂಗಿ, ಎರಡು ಪ್ಯಾಂಟು, ಎರಡು ಪಂಚೆ. ಬಾಡಿಗೆಗೆ ಸಿಕ್ಕ ಕೋಣೆ ಒಬ್ಬ ರೈತನ ವಿಧವೆಯ ಮನೆಯ ಮಹಡಿಯಲ್ಲಿತ್ತು. ಎಪ್ಪತ್ತು ದಾಟಿದ ಅಜ್ಜಿ. ಅವರದೊಂದು ಕರಾರಿತ್ತು. ಸೋಮವಾರ ಬೆಳಿಗ್ಗೆ ಏಳರೊಳಗೆ ಕೊಳೆ ಬಟ್ಟೆಯನ್ನು ನೆಲಮಾಳಿಗೆಯ ಮೆಟ್ಟಿಲ ಮೇಲಿಟ್ಟರೆ ಅವರೇ ಒಗೆದು ಕೊಡುತ್ತಾರೆ. ಏಳೂಕಾಲಾಯಿತೋ, ಮುಂದಿನ ಸೋಮವಾರ.

ಎರಡನೆಯ ವಾರ ಸದ್ದು ಕೇಳಿ ಕೆಳಗಿಳಿದೆ. ನಾಲ್ಕು ಕಾಲಿನ ಮೇಲೆ ನಿಂತ ಚೌಕಾಕಾರದ ಅಲ್ಯೂಮಿನಿಯಂ ತೊಟ್ಟಿ. ಒಳಗೆ ರೆಕ್ಕೆಗಳಿದ್ದ ಒಂದು ಗೂಟ ಅತ್ತ ಸ್ವಲ್ಪ, ಇತ್ತ ಸ್ವಲ್ಪ ತಿರುಗುತ್ತ ನೀರನ್ನು ಕಡೆಯುತ್ತಿತ್ತು, ಹಗ್ಗ ಎಳೆದು ಮಜ್ಜಿಗೆ ಕಡೆದ ಹಾಗೆ. ತೊಟ್ಟಿಯ ಮೂಲೆಯಿಂದ ಮೇಲೆದ್ದ ಕಂಬದ ತಲೆಯಲ್ಲಿ ಒಂದರ ಮೇಲೊಂದು ಎರಡು ರಬ್ಬರ್ ಉರುಳೆ. ಇದಕ್ಕೆ ರಿಂಗರ್ ಎನ್ನುತ್ತಾರೆ. ಅಜ್ಜಿ ಹೊಗೆಯಾಡುವ ನೀರಿನಿಂದ ಕೋಲಿನಲ್ಲಿ ದುಪ್ಪಟಿ ಎತ್ತಿ ಅದರ ತುದಿಯನ್ನು ಉರುಳೆಗಳ ನಡುವೆ ಕೊಟ್ಟರು. ನೀರು ಈಚೆಗೆ ಸುರಿಯಿತು, ದುಪ್ಪಟಿ ಚಪ್ಪಟೆಯಾಗಿ ಆಚೆಗೆ ಬಂತು. ನನಗೆ ಸಾಗರದ ಕಡೆಯ ನಮ್ಮೂರ ಆಲೆಮನೆ ನೆನಪಾಯಿತು. ಕಬ್ಬು ಒಳಗೆ, ಹಾಲು ಕೆಳಗೆ, ಸಿಪ್ಪೆ ಆಚೆಗೆ. ಕೋಣದ ಬದಲು ಮೋಟರು, ಅಷ್ಟೇ ವ್ಯತ್ಯಾಸ.

ಆಮೇಲೆ ಗೊತ್ತಾದದ್ದೇನೆಂದರೆ, ಯಂತ್ರ ಮಾಡುತ್ತಿದ್ದದ್ದು ಕಡೆಯುವುದು, ಹಿಂಡುವುದು ಎರಡೇ. ಉಳಿದದ್ದೆಲ್ಲ ಅಜ್ಜಿಯ ಪಾಲು. ನೀರು ಕಾಯಿಸಿ ತುಂಬಬೇಕು. ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಹೊಲದ ಪ್ಯಾಂಟುಗಳು, ಎಲ್ಲವೂ ಅದೇ ನೀರಿನಲ್ಲಿ. ನೀರು ತಣ್ಣಗಾಗುತ್ತ, ಕೊಳೆಯಾಗುತ್ತ ಹೋದಂತೆ ಬಟ್ಟೆಯ ಅಂತಸ್ತೂ ಇಳಿಯುತ್ತಿತ್ತು. ಪ್ರತಿ ಬಟ್ಟೆಯನ್ನೂ ಸೋಪಿನ ನೀರಿನಿಂದ ಎತ್ತಿ ಹಿಂಡಿ, ಪಕ್ಕದ ತೊಟ್ಟಿಯಲ್ಲಿ ಜಾಲಿಸಿ ಹಿಂಡಿ, ಇನ್ನೊಂದು ತೊಟ್ಟಿಯಲ್ಲಿ ಮತ್ತೆ ಜಾಲಿಸಿ ಮತ್ತೆ ಹಿಂಡಬೇಕು. ಹೊರಳಿಸಿ ನಿಲ್ಲಿಸಿದರೆ ರಿಂಗರ್ ಯಾವ ತೊಟ್ಟಿಯ ಕಡೆಗೆ ಬೇಕೋ ಆ ಕಡೆಗೆ ಮುಖ ಮಾಡುತ್ತದೆ. ಗುಂಡಿಗಳನ್ನು ಒಳಗೆ ಮಡಚಿ ಕೊಡಬೇಕು, ಇಲ್ಲದಿದ್ದರೆ ಅವು ಒಡೆದೇ ಹೊರಬರುತ್ತವೆ.

ಕೊನೆಯ ತೊಟ್ಟಿಗೆ ಅಜ್ಜಿ ಒಂದು ಪುಟ್ಟ ಬಾಟಲಿಯಿಂದ ನಾಲ್ಕು ಹನಿ ಹಾಕಿದರು. ನೀರು ನೀಲಿಯಾಯಿತು. ಬಾಟಲಿಯ ಮೇಲೆ ಗಂಟುಮುಖದ ಒಬ್ಬ ಮುದುಕಿಯ ಚಿತ್ರ. ಮಿನ್ನೆಸೋಟದ ಕಡೆ 1883ರಿಂದ ಮಾರುತ್ತ ಬಂದ ಮಿಸೆಸ್ ಸ್ಟುವರ್ಟ್ಸ್ ನೀಲಿ ಅದು. ಅಷ್ಟು ದೂರ ಹಾರಿ ಬಂದು ನಾನು ನೋಡಿದ್ದು ಅಪ್ಪನ ಪಂಚೆಗೆ ಅಮ್ಮ ಹಾಕುತ್ತಿದ್ದ ನೀಲಿಯನ್ನೇ.

ನಮ್ಮ ಮನೆಯಲ್ಲಿ ಆಗ ಬಾವಿಕಟ್ಟೆಯ ಪಕ್ಕ ಒಗೆಯುವ ಕಲ್ಲು, ಒಂದು ತುಂಡು ಬಾರ್ ಸೋಪು, ಅಮ್ಮನ ಎರಡು ಕೈ. ಮದುವೆ ಮುಂಜಿಯ ರೇಷ್ಮೆಗೆ ಮಾತ್ರ ಅಂಟುವಾಳ. ಆ ಕಲ್ಲಿನ ಬಗ್ಗೆ ಈಗ ಕೆಲವರು ಹೊಗಳಿ ಬರೆಯುವುದನ್ನು ಓದಿದ್ದೇನೆ. ಬರೆದವರು ಬಹುಶಃ ಅದರ ಮುಂದೆ ಬಗ್ಗಿದವರಲ್ಲ. ಜುಲೈ ತಿಂಗಳ ಮಲೆನಾಡ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಏಳು ಜನರ ಬಟ್ಟೆ ಕುಕ್ಕಿ, ಒಣಗದ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹರವಿ, ಅದರ ಹೊಗೆವಾಸನೆಗೆ ನಮ್ಮಿಂದಲೇ ಬೈಸಿಕೊಳ್ಳುತ್ತಿದ್ದವಳು ಅಮ್ಮ.

ಅಯೋವಾದ ಅಜ್ಜಿಯ ಲೆಕ್ಕವೂ ಹೆಚ್ಚುಕಡಿಮೆ ಅದೇ. ಅವರ ಹೊಲದ ಮನೆಗೆ ಕರೆಂಟು ಬರುವ ಮೊದಲು ಇದೇ ಜಾತಿಯ ಯಂತ್ರ ಪೆಟ್ರೋಲ್ ಎಂಜಿನ್‌ನಿಂದ ಓಡುತ್ತಿತ್ತಂತೆ. ಬೈಕಿನ ಹಾಗೆ ಕಾಲಲ್ಲಿ ಒದ್ದು ಶುರು ಮಾಡಬೇಕು, ಹೊಗೆಯ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಡಬೇಕು. ಸೋಮವಾರ ರಾತ್ರಿ ಅವರ ಮನೆಯಲ್ಲಿ ಅಡುಗೆ ಎಂದರೆ ಭಾನುವಾರ ಉಳಿದದ್ದು. 1976ರಲ್ಲಿ ಮಗ ಆಟೊಮ್ಯಾಟಿಕ್ ಯಂತ್ರ ತಂದಿಟ್ಟ. ಹಳೆಯದು ಅದೇ ಸಂಜೆ ಕೊಟ್ಟಿಗೆಗೆ ಹೋಯಿತು. ಇಪ್ಪತ್ತೆಂಟು ವರ್ಷ ಅದರೊಂದಿಗೆ ದುಡಿದಿದ್ದ ಅಜ್ಜಿ ಬಾಗಿಲವರೆಗೂ ಹೋಗಿ ನೋಡಲಿಲ್ಲ. ಅದಾದ ಮೇಲೆ ಸೋಮವಾರಗಳಂದು ಅವರು ಪತ್ತೇದಾರಿ ಕಾದಂಬರಿ ಓದುತ್ತಿದ್ದರು.

ಮೂವತ್ತೈದು ವರ್ಷ ನನಗೂ ಆ ಯಂತ್ರ ಹೆಚ್ಚುಕಡಿಮೆ ಮರೆತೇ ಹೋಗಿತ್ತು. 2011ರಲ್ಲಿ ಇಲ್ಲಿ ಅಯೋವಾದ ನಮ್ಮ ಮನೆಯ ಆಟೊಮ್ಯಾಟಿಕ್ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡು ಕೈಕೊಟ್ಟಿತು. ಕಂಪನಿಯ ಹೆಸರು ಬೇಡ. ಆರು ವರ್ಷದ ಯಂತ್ರ. ಬೋರ್ಡಿನ ಬೆಲೆ ಕೇಳಿದರೆ ಹೊಸ ಯಂತ್ರದ ಅರ್ಧಕ್ಕಿಂತ ಮೇಲೆ. ರಿಪೇರಿಗೆ ಬಂದವನು, “ಸರ್, ಹೊಸತೇ ತಗೊಳ್ಳಿ” ಎಂದು ಬಂದ ಖರ್ಚು ಇಸಿದುಕೊಂಡು ಹೋದ. ಅದೇ ತಿಂಗಳು ಒಂದು ಹಳೆಯ ಫಾರ್ಮಿನ ಹರಾಜಿನಲ್ಲಿ ಚೌಕ ತೊಟ್ಟಿಯ, ಮೇಟ್ಯಾಗ್ ಕಂಪನಿಯ ರಿಂಗರ್ ಕಂಡಿತು. ನಲವತ್ತು ಡಾಲರ್. ಸಿಟ್ಟಿನಲ್ಲಿ ಕೂಗಿದೆ, ಪೈಪೋಟಿಗೆ ಯಾರೂ ಬರಲಿಲ್ಲ. ಮನೆಗೆ ತಂದಾಗ ನನ್ನ ಹೆಂಡತಿ, “ಇದನ್ನ ಒಳಗೆ ತರೋ ಹಾಗಿದ್ರೆ ನಾನು ಹೊರಗೆ” ಎಂದಳು. ಹಾಗಾಗಿ ಅದು ಗ್ಯಾರೇಜಿನಲ್ಲಿದೆ.

ಬಿಚ್ಚುವ ಕೆಲಸ ಸುಲಭ ಎಂದುಕೊಂಡಿದ್ದೆ. ರೆಕ್ಕೆಗೂಟವನ್ನು ಸುಮ್ಮನೆ ಮೇಲಕ್ಕೆತ್ತಿದರೆ ಬರಬೇಕು. ಆದರೆ ದಶಕಗಳ ಸೋಪು, ಸುಣ್ಣ ಸೇರಿ ಅದು ತನ್ನ ದಂಡಕ್ಕೆ ಕಚ್ಚಿ ಕೂತಿತ್ತು. ಸುತ್ತಿಗೆ ಮುಟ್ಟಿಸಿದರೆ ಒಡೆಯುತ್ತದೆ. ತೊಟ್ಟಿಗೆ ಕುದಿಯುವ ನೀರು ಹೊಯ್ದು ಹಿಗ್ಗಲು ಬಿಟ್ಟು, ರೆಕ್ಕೆಗಳ ಅಡಿಗೆ ಹಗ್ಗ ಬಿಗಿದು, ಅಡ್ಡಕ್ಕೊಂದು ಮರದ ತುಂಡು ಕೊಟ್ಟು ಮೀಟುವುದು; ಬರಲಿಲ್ಲವೇ, ನಾಳೆ ಮತ್ತೆ. ಮೂರನೆಯ ಸಂಜೆ ಬಾಟಲಿಯ ಬಿರಡೆ ತೆಗೆದ ಸದ್ದಿನೊಂದಿಗೆ ಕಿತ್ತು ಬಂತು. ನಾನು ಹಿಂದಕ್ಕೆ ಬಿದ್ದೆ. ಗೂಟದ ಹೊಟ್ಟೆಯಲ್ಲಿ ಎರಡು ಹೇರ್‌ಪಿನ್ನು, ಒಂದು ಗುಂಡಿ, 1951ರ ಒಂದು ಸೆಂಟಿನ ನಾಣ್ಯ.

ಅಡಿಯ ಗೇರ್ ಪೆಟ್ಟಿಗೆ ತೆರೆದಾಗ ಮಾತ್ರ ತಲೆ ಬಾಗಿತು. ಹಳೆಯ ಗ್ರೀಸು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿ ಅದರಷ್ಟೇ ಅಂಟಾಗಿತ್ತು. ಒರೆಸಿ ನೋಡಿದರೆ ಕೆಳಗಿನ ಹಲ್ಲುಗಳು ಹೊಚ್ಚ ಹೊಸದರಂತೆ. ಮೋಟರಿನ ಬೇರಿಂಗಿಗೆ ಎರಡೆರಡು ಹನಿ ಎಣ್ಣೆ ಸಾಕಾಯಿತು. ಬೆಲ್ಟು ಬಿರುಕು ಬಿಟ್ಟಿತ್ತು, ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು. ವೈರಿನ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು, ಪ್ಲಗ್ಗಿಗೆ ಎರಡೇ ಪಿನ್ನು. ಒದ್ದೆ ನೆಲದಲ್ಲಿ ನಿಂತು, ಒದ್ದೆ ಕೈಯಲ್ಲಿ, ಅರ್ಥಿಂಗ್ ಇಲ್ಲದ ಲೋಹದ ಯಂತ್ರವನ್ನು ಆ ಕಾಲದ ಹೆಂಗಸರು ವಾರವಾರವೂ ಮುಟ್ಟುತ್ತಿದ್ದರು. ನಾನು ಮೂರು ಪಿನ್ನಿನ ವೈರು ಹಾಕಿ, ಕರೆಂಟು ಸೋರಿದರೆ ತಕ್ಷಣ ತಾನೇ ಕಡಿಯುವ ಪ್ಲಗ್ ಪಾಯಿಂಟ್ ಕೂರಿಸಿದೆ. ಹಳೆಯದನ್ನು ಮೂಲದಂತೆಯೇ ಉಳಿಸಬೇಕೆನ್ನುವ ಮಡಿವಂತರು ಇದನ್ನು ಒಪ್ಪುವುದಿಲ್ಲ. ಅವರ ಮನೆಯಲ್ಲಿ ನಾನು ಬಟ್ಟೆ ಒಗೆಯುವುದಿಲ್ಲ.

ಸತಾಯಿಸಿದ್ದು ಉರುಳೆ. ಕೆಲಸ ಮುಗಿದ ಮೇಲೆ ಒತ್ತಡ ಸಡಿಲಿಸಿ ಇಡಬೇಕು. ಹಿಂದೆ ಯಾರೋ ಬಿಗಿದೇ ಬಿಟ್ಟಿದ್ದರಿಂದ ಒಂದು ಪಕ್ಕ ಚಪ್ಪಟೆಯಾಗಿ ರಬ್ಬರು ಕಲ್ಲಾಗಿತ್ತು. ಪ್ರತಿ ಸುತ್ತಿಗೂ ಧಡ್ ಎಂದು ಹಾರಿ ಬೀಳುತ್ತಿತ್ತು. ಹೊಸ ಉರುಳೆ ಹುಡುಕಿಕೊಂಡು ಕೊನೆಗೆ ಹೋದದ್ದು ಅಯೋವಾದ ಆಗ್ನೇಯಕ್ಕಿರುವ ಕಲೋನಾ ಕಡೆಗೆ. ಅಲ್ಲಿ ಕುದುರೆ ಗಾಡಿಯಲ್ಲಿ ಓಡಾಡುವ ಆಮಿಶ್ ಜನರಿದ್ದಾರೆ. ಹೊರಗಿನ ಕರೆಂಟು ಕಂಬದಿಂದ ಮನೆಗೆ ತಂತಿ ಎಳೆಸಿಕೊಳ್ಳದವರು. ಅವರಿಗೆ ರಿಂಗರ್ ಎಂದರೆ ಹಳೆಯ ವಸ್ತುವಲ್ಲ, ಮೋಟರು ತೆಗೆದು ಸಣ್ಣ ಪೆಟ್ರೋಲ್ ಎಂಜಿನ್ ಜೋಡಿಸಿ ಇವತ್ತೂ ಓಡಿಸುವ ಪಾತ್ರೆಪಡಗ. ಅಂಗಡಿಯವನಿಗೆ ನಾನು ನನ್ನ ಯಂತ್ರದ ಕಥೆ ಹೇಳತೊಡಗಿದೆ. ಅವನು ಉರುಳೆಯ ಉದ್ದ ಮಾತ್ರ ಕೇಳಿದ.

ಈ ಯಂತ್ರ ಹುಟ್ಟಿದ ನ್ಯೂಟನ್ ಪಟ್ಟಣ ನಮ್ಮಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಎಫ್. ಎಲ್. ಮೇಟ್ಯಾಗ್ ಮತ್ತು ಪಾಲುದಾರರು 1893ರಲ್ಲಿ ಅಲ್ಲಿ ತೆಗೆದದ್ದು ಕಾಳು ಬಡಿಯುವ ಯಂತ್ರಕ್ಕೆ ತೆನೆ ಉಣಿಸುವ ಸಾಧನದ ಕಾರ್ಖಾನೆ. ಸುಗ್ಗಿ ಮುಗಿದರೆ ಕೆಲಸವಿಲ್ಲ. ಆ ಖಾಲಿ ತಿಂಗಳುಗಳಿಗೆಂದು 1907ರಲ್ಲಿ ಬಟ್ಟೆ ಯಂತ್ರ ಶುರುವಾಯಿತು. 1922ರಲ್ಲಿ ಹೋವರ್ಡ್ ಸ್ನೈಡರ್ ಎಂಬ ಎಂಜಿನಿಯರ್, ಅಲ್ಲಿಯವರೆಗೆ ಮುಚ್ಚಳದಿಂದ ತೂಗುತ್ತಿದ್ದ ಕಡೆಗೋಲನ್ನು ತೊಟ್ಟಿಯ ತಳಕ್ಕೆ ತಂದ. ಬಟ್ಟೆಯನ್ನು ನೀರಿನಲ್ಲಿ ಎಳೆದಾಡುವ ಬದಲು ನೀರನ್ನೇ ಬಟ್ಟೆಯೊಳಗೆ ನುಗ್ಗಿಸುವ ಉಪಾಯ. ಕಂಪನಿ ದೊಡ್ಡದಾದದ್ದು ಅಲ್ಲಿಂದ. ರಿಂಗರ್ ತಯಾರಿಕೆ ನಿಂತದ್ದು 1983ರಲ್ಲಿ. ಆಟೊಮ್ಯಾಟಿಕ್ ಬಂದು ಎಷ್ಟೋ ವರ್ಷಗಳಾದ ಮೇಲೂ ಬಾವಿ ನೀರಿನ ಹೊಲಮನೆಗಳವರು, ಒಂದೇ ನೀರಿನಲ್ಲಿ ನಾಲ್ಕು ಸಲ ಒಗೆಯಬೇಕಾದವರು ಇದನ್ನೇ ಕೊಳ್ಳುತ್ತಿದ್ದರು. 2006ರಲ್ಲಿ ಮೇಟ್ಯಾಗ್ ಕಂಪನಿಯನ್ನು ವರ್ಲ್‌ಪೂಲ್ ಕೊಂಡಿತು, ಮರುವರ್ಷ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು.

ಊರಿನ ನಮ್ಮ ಮನೆಗಂತೂ ಈ ಯಂತ್ರ ಬರಲೇ ಇಲ್ಲ. ಕಲ್ಲಿನಿಂದ ನೇರ ಸೆಮಿ ಆಟೊಮ್ಯಾಟಿಕ್‌ಗೆ ಹಾರಿದರು. 1986ರಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ಮ್ಯೂಸಿಯಂನಲ್ಲಿ ರಿಂಗರ್ ತೋರಿಸಿದ್ದೆ. ಸುತ್ತು ಬಂದು ನೋಡಿ, “ಇದು ಬಟ್ಟೆ ಗಾಣ ಅಲ್ದನೋ ತಮ್ಮಾ” ಎಂದಳು. ಹೆಸರು ಅವಳಿಟ್ಟದ್ದು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಕೈ ಸಿಕ್ಕಿಕೊಂಡರೆ?”

ಸಿಕ್ಕಿಕೊಳ್ಳುತ್ತದೆ. ಆ ಕಾಲದ ವೈದ್ಯರು ರಿಂಗರ್ ಗಾಯ ಎಂದು ಅದನ್ನು ಬೇರೆಯಾಗಿಯೇ ಗುರುತಿಸುತ್ತಿದ್ದರು. ಹೆಚ್ಚಾಗಿ ಮಕ್ಕಳ ಕೈ. ನನ್ನ ಕೈ ಸಿಕ್ಕಿಕೊಂಡಾಗ ನನಗೆ ಅರವತ್ತೆರಡು ದಾಟಿತ್ತು. ದುಪ್ಪಟಿಯ ಮೂಲೆ ಉರುಳೆಗೆ ಸುತ್ತಿಕೊಂಡಾಗ ನಿಲ್ಲಿಸಿ ಬಿಡಿಸಬೇಕು. ನಾನು ಯಂತ್ರ ಓಡುತ್ತಿದ್ದಾಗಲೇ ಬಿಡಿಸಲು ಹೋದೆ. ಎರಡು ಬೆರಳ ತುದಿ ಒಳಗೆ ಹೋದವು. ರಿಂಗರ್‌ನ ತಲೆಯ ಮೇಲಿನ ಬಿಡುಗಡೆ ಪಟ್ಟಿಯನ್ನು ಎಡಗೈಯಲ್ಲಿ ಗುದ್ದಿದ್ದರಿಂದ ಉರುಳೆ ಥಟ್ಟನೆ ಸಡಿಲವಾಯಿತು. ಒಂದು ಉಗುರು ಕಪ್ಪಾಗಿ ತಿಂಗಳೊಳಗೆ ಉದುರಿತು. ತಪ್ಪು ಪೂರ್ತಿ ನನ್ನದೇ. ಅಜ್ಜಿ ತೋಳು ಮಡಚಿ, ಉಂಗುರ ತೆಗೆದಿಟ್ಟು, ಕೂದಲಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕಿಳಿಯುತ್ತಿದ್ದದ್ದು ಏಕೆಂದು ಆಗ ಹೊಳೆಯಿತು.

ಬಂದವರೆಲ್ಲ ಗ್ಯಾರೇಜಿನಲ್ಲಿ ಅದನ್ನು ನೋಡಿ, “ಆಗಿನ ವಸ್ತುಗಳೇ ಗಟ್ಟಿ ಬಿಡಿ” ಎನ್ನುತ್ತಾರೆ. ಗಟ್ಟಿ ಹೌದು. ಅರವತ್ತು ವರ್ಷದ ಮೇಲೂ ಸ್ಪ್ಯಾನರು, ಎಣ್ಣೆ, ಹಗ್ಗದಿಂದ ರಿಪೇರಿಯಾಗುತ್ತದೆ. ಆದರೆ ಏಕೆ ಆಗುತ್ತದೆ ಎಂದರೆ, ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ನೀರು ಎಷ್ಟು, ಸಮಯ ಎಷ್ಟು, ಜಾಲಿಸಿದ್ದು ಸಾಕೇ ಎಂಬ ವಿಚಾರಗಳನ್ನೆಲ್ಲ ಯಂತ್ರದ ಹೊರಗೆ ನಿಂತ ಹೆಂಗಸಿನ ತಲೆಗೆ, ಸೊಂಟಕ್ಕೆ ಬಿಟ್ಟಿದ್ದರು. ಕೈಕೊಟ್ಟ ನಮ್ಮ ಆಟೊಮ್ಯಾಟಿಕ್ ಯಂತ್ರದ ಬೋರ್ಡು ಮಾಡುತ್ತಿದ್ದದ್ದು ಆ ಕೆಲಸವನ್ನೇ. ಬೋರ್ಡಿಗೆ ಆರೇ ವರ್ಷ ಆಯಸ್ಸು ಎನ್ನುವುದಕ್ಕೆ ನನ್ನ ತಕರಾರು ಈಗಲೂ ಇದೆ, ಬಿಟ್ಟಿಲ್ಲ. ಹಾಗೆಂದು ಸೋಮವಾರವಿಡೀ ನೆಲಮಾಳಿಗೆಗೆ ಹೋಗಲಿ ಎನ್ನುವಷ್ಟು ಅದು ದೊಡ್ಡ ತಕರಾರಲ್ಲ.

ತಿಂಗಳಿಗೊಮ್ಮೆ ಗಾಣ ಓಡಿಸುತ್ತೇನೆ. ಒಂದೂವರೆ ಗಂಟೆ ಹಿಡಿಯುತ್ತದೆ, ಬೆನ್ನು ನೋಯುತ್ತದೆ. ಅದಕ್ಕೆ ಹೋಗುವುದು ಕಾಲೊರಸು, ಗ್ಯಾರೇಜಿನ ಚಿಂದಿ, ತೋಟದಲ್ಲಿ ಹಾಕುವ ನನ್ನ ಎರಡು ಪ್ಯಾಂಟು. ಹೋದ ವರ್ಷ ಮೊಮ್ಮಗಳ ಹಟಕ್ಕೆ ಅವಳ ಗೊಂಬೆಯ ಅಂಗಿಯೊಂದನ್ನು ಒಗೆದೆ, ಅದರ ಗುಂಡಿ ಒಡೆಯಿತು. ನನ್ನ ಹೆಂಡತಿಯ ಸೀರೆ ಇದುವರೆಗೆ ಒಂದೂ ಹೋಗಿಲ್ಲ.