ಗಾಡಿ ಯಾರದು, ಗೆಲುವು ಯಾರದು?

ಕಲ್ಲೋಳಿಯ ಸುತ್ತಣ ಸೀಮೆಯಲ್ಲಿ ಜಾತ್ರೆಯೆಂದರೆ ಎತ್ತಿನ ಗಾಡಿಯ ಓಟವೂ ಉಂಟು. ಗೆಲುವು ಸಾಮಾನ್ಯವಾಗಿ ಎತ್ತಿನ ಒಡೆಯನ ಹೆಸರಿಗೆ ಸೇರುತ್ತದೆ; ಹಗ್ಗ ಹಿಡಿದವನು ಧೂಳು ಕೊಡವಿಕೊಂಡು ಎತ್ತುಗಳ ಮೈ ಸವರುತ್ತ ನಿಲ್ಲುತ್ತಾನೆ.

ಇದು ಹಣದ ಆಟಗಳೆಲ್ಲದರ ಕಥೆ. ಅಮೆರಿಕದ ಕಾರುಪಂದ್ಯಗಳಲ್ಲಿ ಸಿರಿವಂತನಾದವನು ಹಣ ತೆತ್ತು ಚಾಲಕನ ಪೀಠವನ್ನೇ ಪಡೆಯಬಹುದು. ಅಲ್ಲಿಯೇ ಕಪ್ಪುಜನಾಂಗದ ವೆಂಡೆಲ್ ಸ್ಕಾಟ್ ತಮ್ಮ ಕಾರನ್ನು ತಾವೇ ದುರಸ್ತಿ ಮಾಡಿಕೊಂಡು ಓಡಿಸಿ, 1963ರಲ್ಲಿ ಜಾಕ್ಸನ್‌ವಿಲ್ಲಿನಲ್ಲಿ ಗೆದ್ದರು. ಅಂದು ಮೊದಲು ಘೋಷಿತವಾದದ್ದು ಬೇರೊಬ್ಬರ ಹೆಸರು. ಸ್ಕಾಟ್ 1990ರಲ್ಲಿ ತೀರಿಕೊಂಡರು. ಪಾರಿತೋಷಕ ಅವರ ಮನೆಯವರ ಕೈಸೇರಿದ್ದು 2021ರಲ್ಲಿ!

ನಮ್ಮ ಕರಾವಳಿಯ ಕಂಬಳದಲ್ಲಿಯೂ ಕೋಣ ಒಬ್ಬರದು, ಕಾಲು ಇನ್ನೊಬ್ಬರದು. 2020ರ ಫೆಬ್ರವರಿಯಲ್ಲಿ ಐಕಳದ ಕೆಸರುಗದ್ದೆಯಲ್ಲಿ ಕಟ್ಟಡ ಕೆಲಸಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ದೇಶವು ಅಪರೂಪಕ್ಕೆ ಓಟಗಾರನ ಹೆಸರನ್ನು ಕೇಳಿತು.

ಹಣವು ಎತ್ತನ್ನು ತರುತ್ತದೆ, ಗಾಡಿಯನ್ನು ತರುತ್ತದೆ. ಎತ್ತಿನ ಉಸಿರನ್ನು ಅರಿಯುವ ಕೈ ಮಾತ್ರ ವರ್ಷಗಳ ದುಡಿಮೆಯಿಂದ ಬರತಕ್ಕದ್ದು. ಬಹುಮಾನ ಸಾರುವವರು ಎರಡು ಹೆಸರು ಸಾರಿದರೆ ಒಡೆಯನ ಕೀರ್ತಿಗೆ ಕುಂದೇನು? ಮತ್ತೊಂದು ಮನೆಯಲ್ಲಿಯೂ ಅಂದು ಹಬ್ಬವಾದೀತು.