ಚಿಗರಿಯ ಬೆನ್ನೇರಿ ಧಾರವಾಡಕ್ಕೆ

ಮಗಳಿಗೆ ಧಾರವಾಡದಲ್ಲಿ ಹತ್ತು ಗಂಟೆಗೆ ಪ್ರವೇಶ ಪರೀಕ್ಷೆ. ನಮ್ಮ ರೈಲು ಹುಬ್ಬಳ್ಳಿ ಮುಟ್ಟಿದಾಗಲೇ ಎಂಟೂ ಮುಕ್ಕಾಲು. ಮುಂದಿನ ಸುಮಾರು 20 ಕಿಲೋಮೀಟರ್ ದಾರಿ ನೆನೆದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳದ್ದು ಏನಾಗಿತ್ತೋ, ಬಾಯಿಬಿಟ್ಟು ಹೇಳಲಿಲ್ಲ.

ನಿಲ್ದಾಣದ ಹೊರಗೆ ‘ಚಿಗರಿ’ ಬಸ್ಸು ಸಿಕ್ಕಿತು. ಈ ಕಡೆಯ ಮಾತಿನಲ್ಲಿ ಚಿಗರಿ ಎಂದರೆ ಜಿಂಕೆ. ಆದರೆ ಹುಬ್ಬಳ್ಳಿಯ ಪೇಟೆಯೊಳಗೆ ನಮ್ಮ ಜಿಂಕೆ ಎಮ್ಮೆಯಂತೆ ನಡೆಯಿತು. ಆಟೋ, ಕೈಗಾಡಿ, ಸ್ಕೂಟರುಗಳ ನಡುವೆ ನುಸುಳಿ ಹೊಸೂರು ದಾಟುವಷ್ಟರಲ್ಲಿ ಮಗಳು ನಾಲ್ಕು ಸಲ ಗಡಿಯಾರ ನೋಡಿದ್ದಳು. ಪಕ್ಕದಲ್ಲಿ ಕುಳಿತ ಅಜ್ಜಿ ನಕ್ಕರು: “ಅಂಜಬ್ಯಾಡವಾ, ಇನ್ನ ಇದಕ್ಕ ಅಡ್ಡ ಬರಾವ್ರು ಯಾರೂ ಇಲ್ಲ.”

ನಿಜ. ಅಲ್ಲಿಂದಾಚೆ ರಸ್ತೆಯ ನಟ್ಟನಡುವೆ ಬೇಲಿ ಹಾಕಿದ ದಾರಿ, ಬಸ್ಸಿಗೇ ಮೀಸಲು. ನಿಲ್ದಾಣಗಳೂ ನಡುರಸ್ತೆಯಲ್ಲೇ ಇರುವುದರಿಂದ ಬಾಗಿಲು ತೆರೆಯುವುದು ಬಲಗಡೆ. ಬಸ್ಸಿನ ನೆಲಕ್ಕೂ ಕಟ್ಟೆಗೂ ಒಂದೇ ಎತ್ತರ. ಮೊಣಕಾಲು ನೋವಿನವರು ಮೆಟ್ಟಿಲು ಹತ್ತಬೇಕಿಲ್ಲ. ಟಿಕೆಟ್ಟನ್ನು ನಿಲ್ದಾಣದಲ್ಲೇ ಕೊಳ್ಳುವುದರಿಂದ ಬಾಗಿಲಲ್ಲಿ ಚಿಲ್ಲರೆಯ ಜಗಳವಿಲ್ಲ. ನಿಂತ ಬಸ್ಸನ್ನು ಹಿಂದಿನ ವೇಗದ ಬಸ್ಸು ದಾಟಿಹೋಗಲು ಪಕ್ಕದಲ್ಲಿ ಇನ್ನೊಂದು ಸಾಲು ಬಿಟ್ಟಿದ್ದಾರೆ. ಈ ಒಂದು ಸಾಲಿನ ಬೆಲೆ ಅವಸರದಲ್ಲಿದ್ದವನಿಗೇ ಗೊತ್ತು!

ವಿದ್ಯಾನಗರದಲ್ಲಿ ಹುಡುಗ ಹುಡುಗಿಯರ ಗುಂಪು ಇಳಿಯಿತು. ಉಣಕಲ್ ಕೆರೆ ಕಂಡಿತು, ಮರೆಯಾಯಿತು. ಕಿಟಕಿಯಾಚೆ ಕಾರುಗಳ ಸಾಲು ಸಿಗ್ನಲ್ಲಿಗೆ ನಿಂತಿತ್ತು. “ನನ್ನ ಮೊಮ್ಮಗನೂ ಇದ್ರಾಗ ಕಾಲೇಜಿಗೆ ಹೋಗತಾನ್ರೀ. ಮೊದಲ ಒಂದ್ ತಾಸ್ ಮುಂಚೆ ಮನಿ ಬಿಡತಿದ್ದ” ಎಂದ ಅಜ್ಜಿ, ಪೇರಲಕ್ಕೆ ಹೆಸರಾದ ನವಲೂರಿನಲ್ಲಿ ಇಳಿದುಹೋದರು.

ಈ ಬಸ್ಸುಗಳು 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದವು. ವಿಧ್ಯುಕ್ತ ಉದ್ಘಾಟನೆಯಾದದ್ದು 2020ರ ಫೆಬ್ರುವರಿಯಲ್ಲಿ. ಬ್ರೆಜಿಲ್‌ನ ಕುರಿಟಿಬಾ ನಗರ 1974ರಲ್ಲೇ ಬಸ್ಸಿಗೆ ಪ್ರತ್ಯೇಕ ದಾರಿ ಕೊಟ್ಟು ಜಗತ್ತಿಗೆ ತೋರಿಸಿತ್ತು. ದೆಹಲಿ 2008ರಲ್ಲಿ ಇಂಥದೇ ದಾರಿ ತೆರೆದು, ಕಾರಿನವರ ಕೋಪ ತಾಳಲಾರದೆ 2016ರಲ್ಲಿ ಕಿತ್ತುಹಾಕಿತು. ಹುಬ್ಬಳ್ಳಿ–ಧಾರವಾಡದಲ್ಲೂ ಗೊಣಗಾಟವಿದೆ. ರಸ್ತೆ ಅಗಲವಾಗುವಾಗ ನೆರಳಿನ ಮರಗಳು ಹೋದವು. ನಿಲ್ದಾಣ ಮುಟ್ಟಲು ವಯಸ್ಸಾದವರು ವಾಹನಗಳ ನಡುವೆ ರಸ್ತೆ ದಾಟಬೇಕು. ಈ ದೂರುಗಳನ್ನು ತಳ್ಳಿಹಾಕುವಂತಿಲ್ಲ.

ಆದರೆ ಎಲ್ಲಕ್ಕಿಂತ ಜೋರಾದ ದೂರು, ದಾರಿ ಖಾಲಿ ಬಿದ್ದಿದೆ ಎಂಬುದು. ಧಾರವಾಡ ಸಮೀಪಿಸುತ್ತಿದ್ದಂತೆ ಮಗಳ ಹಾಲ್ ಟಿಕೆಟ್ಟಿನ ಲಕೋಟೆಯ ಹಿಂದೆ ನಾನೊಂದು ಲೆಕ್ಕ ಹಾಕಿದೆ. ಮೂರು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಎಂದಿಟ್ಟುಕೊಳ್ಳಿ. ಗಂಟೆಗೆ 1,200 ಜನ ಸಾಗಿದರು! ಅಷ್ಟೇ ಜನ ಕಾರಿಗಿಬ್ಬರಂತೆ ಹೊರಟರೆ 600 ಕಾರು. ಬಸ್ಸು ಹಾದುಹೋದ ಮೇಲಿನ ಮೂರು ನಿಮಿಷ ಪಕ್ಕದ ಕಾರಿನವನಿಗೆ ಕಾಣುವುದು ಬರೀ ಡಾಂಬರು. ಆ ಡಾಂಬರು ಖಾಲಿ ಇರುವುದರಿಂದಲೇ ಮುಂದಿನ ಬಸ್ಸು ಹೊತ್ತಿಗೆ ಬರುವುದು. ಹಾಗೆಂದು ಬಸ್ಸುಗಳೇ ವಿರಳವಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ ಕಾರಿನವನ ಮಾತೇ ಸರಿ.

ಧಾರವಾಡದಲ್ಲಿ ಇಳಿದು ಆಟೋ ಹತ್ತಿದೆವು. ಚಾಲಕನಿಗೂ ಅದೇ ಅಸಮಾಧಾನ. “ಬಸ್ ಬ್ಯಾಡಂತಲ್ರೀ ಸಾಹೇಬ್ರ, ಖಾಲಿ ರಸ್ತಾ ನೋಡಿದ್ರ ಹೊಟ್ಟಿ ಉರಿತೈತಿ.”

ನಾನು ಲಕೋಟೆಯ ಲೆಕ್ಕ ಒಪ್ಪಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಪರೀಕ್ಷಾ ಕೇಂದ್ರ ಬಂತು. ಹತ್ತಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ಮಗಳು ನನ್ನ ಕೈಯಿಂದ ಲಕೋಟೆ ಕಿತ್ತುಕೊಂಡು ಗೇಟಿನತ್ತ ಓಡಿದಳು.